ಹೊಗೆಯಿಂದ ರಾಸಾಯನಿಕ: ಎಲೆಯ ಕೆಲಸವನ್ನು ಯಂತ್ರ ಮಾಡಬಲ್ಲುದೇ?

ಮಳೆಗಾಲ ಆರಂಭವಾಯಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ವನಮಹೋತ್ಸವ ನಡೆಯುವುದು ವಾಡಿಕೆ. ಅಂಥ ಒಂದು ಕಾರ್ಯಕ್ರಮ ಮುಗಿದು ಚಹಾ ಕುಡಿಯುತ್ತಿದ್ದಾಗ ಯುವಕರೊಬ್ಬರು ನಮ್ಮನ್ನು ಕೇಳಿದರು: “ಫಾದರ್, ಈಗ ಕಾರ್ಖಾನೆಯ ಹೊಗೆಯಿಂದಲೇ ಇಂಧನ, ಗೊಬ್ಬರ, ಹಿಟ್ಟು ಎಲ್ಲ ಮಾಡುತ್ತಾರಂತೆ. ಎಲೆಯ ಕೆಲಸವನ್ನು ಯಂತ್ರವೇ ಮಾಡುವುದಾದರೆ ನಾವು ಗಿಡ ನೆಟ್ಟು, ಲೈಟು ಆರಿಸಿ ಏನು ಪ್ರಯೋಜನ?”

ಅವರು ತಮಾಷೆಗೆ ಕೇಳಿದ್ದಲ್ಲ. ಅವರು ದುಡಿಯುವುದೇ ಕಾರ್ಖಾನೆಯೊಂದರಲ್ಲಿ. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳ ಅನ್ನ ಇಂಥ ಕಾರ್ಖಾನೆಗಳಿಂದ ಬರುತ್ತದೆ. ಅದೇ ಕಾರ್ಖಾನೆಗಳ ಹೊಗೆಯ ಬಗ್ಗೆ ನಮ್ಮ ಜನರೇ ದೂರುತ್ತಾರೆ. ಹೊಗೆಯನ್ನೇ ಹಣ ಮಾಡಬಹುದು ಎಂಬ ಸುದ್ದಿ ಕೇಳಿದಾಗ ಎರಡೂ ಕಡೆಯವರಿಗೆ ಸಮಾಧಾನವಾಗುವುದು ಸಹಜ. ಆದರೆ ಈ ಸಮಾಧಾನ ಎಷ್ಟು ಗಟ್ಟಿ? ನಿಜವಾಗಿ ನಡೆದಿರುವುದೇನು, ಇನ್ನೂ ಆಗಬೇಕಾದದ್ದೇನು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಯೂರಿಯಾ ಚೀಲದ ಪಾಠ

ಮೊದಲಿಗೆ, ಇಂಗಾಲದ ಡೈಆಕ್ಸೈಡ್ ಅನಿಲವನ್ನು ಉಪಯುಕ್ತ ರಾಸಾಯನಿಕವಾಗಿ ಮಾಡುವುದು ಹೊಸ ಸಂಗತಿಯೇನಲ್ಲ. ನಮ್ಮ ಪಣಂಬೂರಿನಲ್ಲಿ, ಜನರು ಎಂ.ಸಿ.ಎಫ್. ಎಂದೇ ಕರೆಯುವ ಕಾರ್ಖಾನೆಯಲ್ಲಿ 1970ರ ದಶಕದಿಂದಲೂ ಇದು ನಡೆದಿದೆ. ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿದರೆ ಯೂರಿಯಾ. ರೈತರು ಕೊಳ್ಳುವ 45 ಕಿಲೋದ ಒಂದು ಚೀಲ ಯೂರಿಯಾದೊಳಗೆ 33 ಕಿಲೋ ಇಂಗಾಲದ ಡೈಆಕ್ಸೈಡ್ ಅಡಗಿದೆ. ಅಮೋನಿಯಾ ತಯಾರಿಸುವಾಗ ಹೊರಬರುವ ಅನಿಲವನ್ನೇ ಹಿಡಿದು ಇದಕ್ಕೆ ಬಳಸುತ್ತಾರೆ.

ಆದರೆ ಮುಂದೇನಾಗುತ್ತದೆ? ಯೂರಿಯಾವನ್ನು ಗದ್ದೆಗೆ ಎರಚಿದ ಕೆಲವೇ ದಿನಗಳಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಸಾರಜನಕ ಪೈರಿಗೆ ದಕ್ಕುತ್ತದೆ, ಇಂಗಾಲದ ಡೈಆಕ್ಸೈಡ್ ಗಾಳಿಗೆ ಮರಳುತ್ತದೆ. ಅಂದರೆ ಆ 33 ಕಿಲೋ ಅನಿಲ ಕಾರ್ಖಾನೆಯಿಂದ ಗದ್ದೆಯವರೆಗೆ ಪ್ರಯಾಣ ಮಾಡಿತು, ಅಷ್ಟೆ.

ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಉದ್ಯಮಗಳು ವರ್ಷಕ್ಕೆ ಸುಮಾರು 23 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಳಸುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾಕ್ಕೇ ಹೋಗುತ್ತದೆ. ಉಳಿದುದರ ದೊಡ್ಡ ಪಾಲನ್ನು ತೈಲಬಾವಿಗಳಿಗೆ ತುಂಬಿ ಇನ್ನಷ್ಟು ತೈಲ ಎತ್ತುತ್ತಾರೆ. ಕಲ್ಲಿದ್ದಲು, ತೈಲ, ಅನಿಲ, ಸಿಮೆಂಟುಗಳಿಂದ ಮಾನವಕುಲ ವರ್ಷಕ್ಕೆ ಗಾಳಿಗೆ ಬಿಡುವ ಪ್ರಮಾಣವಾದರೋ ಸುಮಾರು 3,700 ಕೋಟಿ ಟನ್. “ಉಪಯೋಗ” ಎಂಬ ಪದ ಕೇಳಿದೊಡನೆ “ಪರಿಹಾರ” ಎಂದು ತಿಳಿಯಬಾರದು ಎನ್ನಲು ಇದೊಂದೇ ಲೆಕ್ಕ ಸಾಕು.

ಎಲೆ ಮಾಡುವುದಾದರೂ ಏನು?

ಹಾಗಾದರೆ ಈಗಿನ ಸಂಶೋಧನೆಯಲ್ಲಿ ಹೊಸದೇನಿದೆ? ನಿಸರ್ಗದ ವಿಧಾನವನ್ನು ಅನುಸರಿಸುವ ಪ್ರಯತ್ನವೇ ಹೊಸದು.

ಇಂಗಾಲದ ಡೈಆಕ್ಸೈಡ್ ಒಂದು ಸೋಮಾರಿ ಅನಿಲ. ಉರಿದು ಮುಗಿದ ಬೂದಿಯಂತೆ ಅದು ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡು ಕುಳಿತಿರುತ್ತದೆ. ಅದನ್ನು ಮತ್ತೆ ಕೆಲಸಕ್ಕೆ ಹಚ್ಚಬೇಕಾದರೆ ಹೊರಗಿನಿಂದ ಶಕ್ತಿ ಕೊಡಲೇಬೇಕು. ಕಾರ್ಖಾನೆಗಳಲ್ಲಿ ಅದರಿಂದ ಮೆಥನಾಲ್ ಮಾಡಬೇಕಾದರೆ 200 ಡಿಗ್ರಿಗೂ ಮಿಕ್ಕಿದ ಶಾಖ, ವಾತಾವರಣದ ಐವತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚಿನ ಒತ್ತಡ ಬೇಕು. ನಮ್ಮ ಅಂಗಳದ ಬಸಳೆ ಬಳ್ಳಿ ಅದೇ ಅನಿಲವನ್ನು ನೀರು ಮತ್ತು ಬಿಸಿಲು ಬಳಸಿ ಸದ್ದಿಲ್ಲದೆ ಸಕ್ಕರೆಯಾಗಿ ಮಾಡುತ್ತದೆ. ಇದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸಿದ್ದಕ್ಕೆ ಅಮೆರಿಕದ ಮೆಲ್ವಿನ್ ಕಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಎಲೆಯಲ್ಲಿ ಈ ಕೆಲಸ ಮಾಡುವ ಮುಖ್ಯ ಕಿಣ್ವದ ಹೆಸರು ರುಬಿಸ್ಕೊ. ಇದು ಬಹಳ ನಿಧಾನಿ. ಸೆಕೆಂಡಿಗೆ ಕೆಲವೇ ಕೆಲವು ಅಣುಗಳನ್ನು ಹಿಡಿಯುತ್ತದೆ. ಎಷ್ಟೋ ಬಾರಿ ತಪ್ಪಿ ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನೇ ಹಿಡಿದುಬಿಡುತ್ತದೆ. ಆದ್ದರಿಂದಲೇ ಗಿಡಗಳು ಇದನ್ನು ಭಾರೀ ಪ್ರಮಾಣದಲ್ಲಿ ತಯಾರಿಸಿಕೊಳ್ಳುತ್ತವೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಕಿಣ್ವ ನಮ್ಮ ರಕ್ತದಲ್ಲೇ ಇದೆ. ಅದರ ಹೆಸರು ಕಾರ್ಬೋನಿಕ್ ಅನ್‌ಹೈಡ್ರೇಸ್. ದೇಹದ ಮೂಲೆ ಮೂಲೆಯಲ್ಲಿ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ರಕ್ತದಲ್ಲಿ ಕರಗುವಂತೆ ಮಾಡಿ, ಶ್ವಾಸಕೋಶದಲ್ಲಿ ಮತ್ತೆ ಅನಿಲವಾಗಿ ಬಿಡಿಸುವ ಕೆಲಸ ಅದರದ್ದು. ಅದರ ಒಂದು ಅಣು ಸೆಕೆಂಡಿಗೆ ಹತ್ತು ಲಕ್ಷದಷ್ಟು ಬಾರಿ ಕೆಲಸ ಮಾಡಬಲ್ಲುದು. ಹೊಗೆಯಿಂದ ಅನಿಲವನ್ನು ಬೇರ್ಪಡಿಸಲು ವಿಜ್ಞಾನಿಗಳು ಈ ಕಿಣ್ವದ ಕಡೆ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಯೋಗಾಲಯದಿಂದ ಕಾರ್ಖಾನೆಗೆ

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸೇಂಟ್-ಫೆಲಿಸಿಯನ್ ಎಂಬಲ್ಲಿ ಕಾಗದದ ತಿರುಳು ತಯಾರಿಸುವ ಕಾರ್ಖಾನೆಯೊಂದಿದೆ. ಅಲ್ಲಿ ಈ ಕಿಣ್ವವನ್ನು ಬಳಸಿ ದಿನಕ್ಕೆ 30 ಟನ್ ಇಂಗಾಲದ ಡೈಆಕ್ಸೈಡ್ ಹಿಡಿಯುವ ಘಟಕವನ್ನು ಕಟ್ಟಿದರು. ಹಿಡಿದ ಅನಿಲವನ್ನು ಪಕ್ಕದ ಹಸಿರುಮನೆಯಲ್ಲಿ ತರಕಾರಿ ಬೆಳೆಯಲು ಕೊಡುವುದೆಂಬ ಯೋಜನೆ. ತಂತ್ರಜ್ಞಾನ ಚೆನ್ನಾಗಿತ್ತು, ಆದರೆ ಅದನ್ನು ಬೆಳೆಸಿದ ಸಿಒಟು ಸೊಲ್ಯೂಷನ್ಸ್ ಕಂಪನಿ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿತು. 2020ರಲ್ಲಿ ಅದರ ತಂತ್ರಜ್ಞಾನ ಇಟಲಿಯ ಸೈಪೆಮ್ ಕಂಪನಿಯ ಪಾಲಾಯಿತು. ಪ್ರಯೋಗ ಗೆದ್ದರೂ ವ್ಯಾಪಾರ ಗೆಲ್ಲಬೇಕೆಂದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಜರ್ಮನಿಯ ಮಾರ್‌ಬುರ್ಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಟೋಬಿಯಾಸ್ ಎರ್ಬ್ ಮತ್ತು ಸಂಗಡಿಗರು 2016ರಲ್ಲಿ ಇನ್ನೂ ಮುಂದೆ ಹೋದರು. ಒಂಬತ್ತು ಬೇರೆ ಬೇರೆ ಜೀವಿಗಳಿಂದ ಹದಿನೇಳು ಕಿಣ್ವಗಳನ್ನು ಆಯ್ದು, ಇಂಗಾಲದ ಡೈಆಕ್ಸೈಡನ್ನು ಸಾವಯವ ಆಮ್ಲವಾಗಿ ಮಾಡುವ ಹೊಸದೊಂದು ಚಕ್ರವನ್ನೇ ಪ್ರನಾಳದಲ್ಲಿ ಜೋಡಿಸಿದರು. ನಿಧಾನಿ ರುಬಿಸ್ಕೊಗೆ ಅದರಲ್ಲಿ ಜಾಗವಿಲ್ಲ. ಅದೇ ವರ್ಷ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡೇನಿಯಲ್ ನೊಸೆರಾ ಮತ್ತು ಪಮೇಲಾ ಸಿಲ್ವರ್ ಅವರ ತಂಡ ಸೌರಶಕ್ತಿಯಿಂದ ನೀರನ್ನು ಒಡೆದು, ಸಿಕ್ಕಿದ ಜಲಜನಕವನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸಿ, ಅವುಗಳಿಂದ ಇಂಧನ ಮಾಡಿಸಿತು. ಸಾಮಾನ್ಯ ಗಿಡ ಬಿಸಿಲಿನ ಸುಮಾರು ಶೇಕಡಾ 1 ಭಾಗವನ್ನು ಮಾತ್ರ ದಕ್ಕಿಸಿಕೊಳ್ಳುತ್ತದೆ. ಶುದ್ಧ ಇಂಗಾಲದ ಡೈಆಕ್ಸೈಡ್ ಕೊಟ್ಟಾಗ ಈ ಕೃತಕ ಎಲೆ ಶೇಕಡಾ 10ರಷ್ಟನ್ನು ದಕ್ಕಿಸಿಕೊಂಡಿತು. 2021ರಲ್ಲಿ ಚೀನಾದ ತಿಯಾನ್‌ಜಿನ್ ವಿಜ್ಞಾನಿಗಳು ಹನ್ನೊಂದು ಮುಖ್ಯ ಹಂತಗಳಲ್ಲಿ ಇದೇ ಅನಿಲದಿಂದ ಪಿಷ್ಟ ತಯಾರಿಸಿದರು. ನಮ್ಮ ಯುವಕ ಹೇಳಿದ “ಹಿಟ್ಟು” ಇದೇ ಇರಬೇಕು. ಮೆಕ್ಕೆಜೋಳದ ಗಿಡಕ್ಕಿಂತ ಎಂಟೂವರೆ ಪಟ್ಟು ವೇಗ ಎಂದು ಅವರ ಲೆಕ್ಕ. ಆದರೆ ಆ ಹಿಟ್ಟು ಪ್ರಯೋಗಾಲಯದ್ದು, ಅಂಗಡಿಯದ್ದಲ್ಲ.

ಕಾರ್ಖಾನೆಯ ಮಟ್ಟಕ್ಕೆ ಬಂದಿರುವುದು ಬ್ಯಾಕ್ಟೀರಿಯಾಗಳ ದಾರಿ. ಮೊಲದ ಹಿಕ್ಕೆಯಲ್ಲಿ ಮೊದಲು ಸಿಕ್ಕಿದ ಒಂದು ಬ್ಯಾಕ್ಟೀರಿಯಾ, ಕಬ್ಬಿಣದ ಕುಲುಮೆಯ ಅನಿಲವನ್ನು ತಿಂದು ಎಥನಾಲ್ ಕೊಡುತ್ತದೆ. ಲಾಂಜಾಟೆಕ್ ಕಂಪನಿಯ ಈ ತಂತ್ರಜ್ಞಾನ 2018ರಲ್ಲಿ ಚೀನಾದ ಉಕ್ಕಿನ ಕಾರ್ಖಾನೆಯೊಂದರಲ್ಲಿ ವಾಣಿಜ್ಯ ಮಟ್ಟದಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಪಾಣಿಪತ್‌ನ ಇಂಡಿಯನ್ ಆಯಿಲ್ ತೈಲ ಸಂಸ್ಕರಣಾಗಾರವೂ ಇದನ್ನೇ ಆಯ್ದುಕೊಂಡು ಎಥನಾಲ್ ಘಟಕ ಕಟ್ಟಿದೆ. ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಈ ಬ್ಯಾಕ್ಟೀರಿಯಾಗಳಿಗೆ ಇಷ್ಟವಾದ ಆಹಾರ ಕಾರ್ಬನ್ ಮೊನಾಕ್ಸೈಡ್ ಮತ್ತು ಜಲಜನಕ. ಏಕೆಂದರೆ ಅವುಗಳಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ. ಬರೀ ಇಂಗಾಲದ ಡೈಆಕ್ಸೈಡ್ ಕೊಟ್ಟರೆ ಅವೂ ಏನೂ ಮಾಡಲಾರವು.

ನಮ್ಮ ದೇಶದ ಪ್ರಯತ್ನಗಳು

ಈ ವಿಷಯದಲ್ಲಿ ಭಾರತ ಹಿಂದೆ ಬಿದ್ದಿಲ್ಲ. ನಮ್ಮಂತೆಯೇ ಕಡಲತೀರದ ಊರಾದ ತಮಿಳುನಾಡಿನ ತೂತುಕುಡಿಯಲ್ಲಿ, ಸೋಡಾ ಬೂದಿ ತಯಾರಿಸುವ ಕಾರ್ಖಾನೆಯೊಂದು 2016ರಲ್ಲಿ ತನ್ನದೇ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60 ಸಾವಿರ ಟನ್ ಇಂಗಾಲದ ಡೈಆಕ್ಸೈಡ್ ಹಿಡಿಯುವ ಗುರಿಯೊಂದಿಗೆ ಕೆಲಸ ಆರಂಭಿಸಿತು. ತಂತ್ರಜ್ಞಾನ ಖರಗ್‌ಪುರ ಐಐಟಿಯಲ್ಲಿ ಕಲಿತ ಇಬ್ಬರು ಯುವಕರ ಕಂಪನಿಯದ್ದು.

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರಾಧ್ಯಾಪಕ ಸೆಬಾಸ್ಟಿಯನ್ ಪೀಟರ್ ಅವರ ತಂಡ ಈ ಅನಿಲವನ್ನು ಮೆಥನಾಲ್ ಆಗಿಸುವ ವೇಗವರ್ಧಕಗಳ ಮೇಲೆ ವರ್ಷಗಳಿಂದ ದುಡಿಯುತ್ತಿದೆ. ಅವರ ‘ಬ್ರೀದ್’ ಕಂಪನಿ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಎಂಬ ಅಂತಾರಾಷ್ಟ್ರೀಯ ಸ್ಪರ್ಧೆಯ ಕೊನೆಯ ಹತ್ತು ತಂಡಗಳಲ್ಲಿ ಒಂದಾಗಿ ಆಯ್ಕೆಯಾಯಿತು. 2022ರಲ್ಲಿ ಕೇಂದ್ರ ಸರಕಾರ ಈ ಸಂಶೋಧನೆಗೆಂದೇ ಎರಡು ರಾಷ್ಟ್ರೀಯ ಕೇಂದ್ರಗಳನ್ನು ಘೋಷಿಸಿದಾಗ ಒಂದು ಮುಂಬೈ ಐಐಟಿಗೆ, ಇನ್ನೊಂದು ಬೆಂಗಳೂರಿನ ಈ ಸಂಸ್ಥೆಗೆ ದೊರೆಯಿತು. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ ಇದು.

ಅದೇ 2022ರಲ್ಲಿ ಮಧ್ಯಪ್ರದೇಶದ ವಿಂಧ್ಯಾಚಲ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಎನ್.ಟಿ.ಪಿ.ಸಿ. ಸಂಸ್ಥೆಯು ದಿನಕ್ಕೆ 20 ಟನ್ ಅನಿಲ ಹಿಡಿಯುವ ಘಟಕವನ್ನು ಆರಂಭಿಸಿತು. ಹಿಡಿದ ಅನಿಲಕ್ಕೆ ಜಲಜನಕ ಸೇರಿಸಿ ಮೆಥನಾಲ್ ಮಾಡುವುದು ಅದರ ಉದ್ದೇಶ.

ಈಗ ಲೆಕ್ಕ ನೋಡೋಣ

20 ಟನ್ ಎಂದರೆ ಎಷ್ಟು? ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಉತ್ಪಾದಿಸಿದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನಮ್ಮ ಎಲ್ಲೂರಿನ 1,200 ಮೆಗಾವಾಟ್ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಗಂಟೆಗೆ ಸಾವಿರ ಟನ್ನಿಗೂ ಹೆಚ್ಚು ಅನಿಲ ಚಿಮಿಣಿಯಿಂದ ಹೋಗುತ್ತದೆ. ಆ ಲೆಕ್ಕದಲ್ಲಿ 20 ಟನ್ ಎಂದರೆ ಸುಮಾರು ಒಂದು ನಿಮಿಷದ ಹೊಗೆ. 4,760 ಮೆಗಾವಾಟಿನ ವಿಂಧ್ಯಾಚಲಕ್ಕಾದರೆ ಅರ್ಧ ನಿಮಿಷಕ್ಕೂ ಕಡಿಮೆ. ಘಟಕ ಇಡೀ ದಿನ ದುಡಿದು ಹಿಡಿಯುವುದು ಇಷ್ಟು. ಇದನ್ನು ಹೇಳಿ ವಿಜ್ಞಾನಿಗಳನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಮೊದಲ ಹೆಜ್ಜೆ ಯಾವಾಗಲೂ ಸಣ್ಣದೇ. ಆದರೆ ಸಣ್ಣ ಹೆಜ್ಜೆಯನ್ನು ದೊಡ್ಡ ಪ್ರಯಾಣವೆಂದು ತೋರಿಸುವುದು ಸರಿಯಲ್ಲ.

ಇನ್ನೂ ಮುಖ್ಯವಾದ ಲೆಕ್ಕ ಜಲಜನಕದ್ದು. ಒಂದು ಟನ್ ಮೆಥನಾಲ್ ತಯಾರಿಸಲು ಸುಮಾರು 1.4 ಟನ್ ಇಂಗಾಲದ ಡೈಆಕ್ಸೈಡ್ ಮತ್ತು 190 ಕಿಲೋ ಜಲಜನಕ ಬೇಕು. ಆ ಜಲಜನಕವನ್ನು ನೀರಿನಿಂದ ಬಿಡಿಸಲು ಸುಮಾರು 10 ಸಾವಿರ ಯೂನಿಟ್ ವಿದ್ಯುತ್ ಬೇಕು. ಅಷ್ಟು ಖರ್ಚು ಮಾಡಿ ಪಡೆದ ಮೆಥನಾಲ್‌ನಲ್ಲಿ ಉಳಿಯುವ ಶಕ್ತಿ ಸುಮಾರು ಐದೂವರೆ ಸಾವಿರ ಯೂನಿಟ್. ಆ ವಿದ್ಯುತ್ ಕಲ್ಲಿದ್ದಲಿನಿಂದ ಬಂದದ್ದಾದರೆ? ಒಂದೂವರೆ ಟನ್ ಅನಿಲವನ್ನು ಬಳಸಿಕೊಳ್ಳಲು ಹತ್ತಿರ ಹತ್ತಿರ ಹತ್ತು ಟನ್ ಅನಿಲವನ್ನು ಗಾಳಿಗೆ ಬಿಟ್ಟಂತಾಯಿತು! ತೂತಾದ ದೋಣಿಯ ನೀರನ್ನು ಒಂದು ಕಡೆಯಿಂದ ಎರಚುತ್ತಾ, ಇನ್ನೊಂದು ಕಡೆ ದೊಡ್ಡ ತೂತು ಕೊರೆದಂತೆ.

ಜೊತೆಗೆ ನೀರು. ಅಷ್ಟು ಜಲಜನಕಕ್ಕೆ ಕನಿಷ್ಠ 1,700 ಲೀಟರ್ ಶುದ್ಧ ನೀರು ಬೇಕು. ಎಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರಿಗೆ ಕಾಯುವ ನಮ್ಮ ಊರುಗಳ ಜನ ಇದನ್ನು ಮರೆಯುವಂತಿಲ್ಲ.

ನಿಸರ್ಗದ ಗುಟ್ಟು ಇಲ್ಲೇ ಇದೆ. ಎಲೆಯ ಕೌಶಲ ಅದರ ಕಿಣ್ವದಲ್ಲಿ ಮಾತ್ರ ಇಲ್ಲ, ಅದು ಶಕ್ತಿಯನ್ನು ಸೂರ್ಯನಿಂದ ಪಡೆಯುತ್ತದೆ ಎಂಬುದರಲ್ಲಿದೆ. ಒಳ್ಳೆಯ ಕಿಣ್ವ ಅಥವಾ ವೇಗವರ್ಧಕ ಕೆಲಸವನ್ನು ಸುಲಭ ಮಾಡಬಹುದು, ವ್ಯರ್ಥವಾಗುವ ಶಾಖವನ್ನು ಉಳಿಸಬಹುದು. ಆದರೆ ಇಂಗಾಲದ ಡೈಆಕ್ಸೈಡಿಗೆ ಮರಳಿ ತುಂಬಬೇಕಾದ ಶಕ್ತಿಯ ಸಾಲವನ್ನು ಯಾವ ಕಿಣ್ವವೂ ಮನ್ನಾ ಮಾಡಲಾರದು. ಎಲೆಯ ಕಿಣ್ವವನ್ನು ನಕಲು ಮಾಡಿ, ಎಲೆಯ ಸೂರ್ಯನನ್ನು ಬಿಟ್ಟುಬಿಟ್ಟರೆ ಅದು ಅರ್ಧ ಪಾಠ.

ಹಾಗಾದರೆ ಇದೆಲ್ಲ ವ್ಯರ್ಥವೇ?

ಖಂಡಿತ ಅಲ್ಲ. ಕೆಲವು ಉದ್ಯಮಗಳಿಗೆ ಬೇರೆ ದಾರಿಯೇ ಇಲ್ಲ. ಸಿಮೆಂಟನ್ನೇ ತೆಗೆದುಕೊಳ್ಳಿ. ನಮ್ಮ ಹಿರಿಯರು ಅಳಿವೆ ಬಾಗಿಲುಗಳಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ಸುಣ್ಣದ ಗೂಡಿನಲ್ಲಿ ಸುಡುತ್ತಿದ್ದುದು ಹಲವರಿಗೆ ನೆನಪಿರಬಹುದು. ಸಮುದ್ರದ ನೀರಿನಲ್ಲಿ ಕರಗಿದ್ದ ಇಂಗಾಲವನ್ನು ಆ ಜೀವಿಗಳು ಚಿಪ್ಪಾಗಿ ಕಟ್ಟಿಕೊಂಡಿರುತ್ತವೆ. 100 ಕಿಲೋ ಚಿಪ್ಪು ಸುಟ್ಟರೆ 40 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸೌದೆಯ ಹೊಗೆ ಬೇರೆ. ಸಿಮೆಂಟ್ ಕಾರ್ಖಾನೆಯಲ್ಲಿಯೂ ಇದೇ ಆಗುತ್ತದೆ. ಅದರ ಹೊರಸೂಸುವಿಕೆಯ ಅರ್ಧಕ್ಕಿಂತ ಹೆಚ್ಚು ಭಾಗ ಬರುವುದು ಸುಣ್ಣದ ಕಲ್ಲಿನಿಂದಲೇ. ಇಡೀ ಕಾರ್ಖಾನೆ ಸೌರಶಕ್ತಿಯಲ್ಲಿ ನಡೆದರೂ ಅದು ನಿಲ್ಲದು. ಇಂಥಲ್ಲಿ ಅನಿಲವನ್ನು ಹಿಡಿಯುವುದು ಅಗತ್ಯ. 2025ರ ಮೇ ತಿಂಗಳಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಸಿಮೆಂಟ್ ಉದ್ಯಮಕ್ಕಾಗಿ ಐದು ಪರೀಕ್ಷಾ ಘಟಕಗಳನ್ನು ಪ್ರಕಟಿಸಿದ್ದು ಈ ಹಿನ್ನೆಲೆಯಲ್ಲಿ ಸ್ವಾಗತಾರ್ಹ.

ಹಿಡಿದ ಅನಿಲ ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. ಇಂಧನವಾದರೆ ಸುಟ್ಟ ದಿನವೇ ಗಾಳಿಗೆ ವಾಪಸು. ಆದರೂ ಅಷ್ಟರ ಮಟ್ಟಿಗೆ ಹೊಸ ಪೆಟ್ರೋಲಿಯಂ ಉಳಿದೀತು. ಕಾಂಕ್ರೀಟಿನಲ್ಲಿ ಸೇರಿ ಸುಣ್ಣದ ಕಲ್ಲಾದರೆ ಬಹುಕಾಲ ಅಲ್ಲೇ ಉಳಿಯುತ್ತದೆ. ಕೆನಡಾದ ಕಾರ್ಬನ್‌ಕ್ಯೂರ್ ಕಂಪನಿ ಮಾಡುತ್ತಿರುವುದು ಇದನ್ನೇ. 2021ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಗೆದ್ದ ಇಬ್ಬರಲ್ಲಿ ಅದೂ ಒಂದು. ಇದು ನಮಗೆ ಅಪರಿಚಿತವಲ್ಲ. ನಮ್ಮ ಹಳೆಯ ಚರ್ಚುಗಳ ಸುಣ್ಣದ ಗಾರೆ ಗಟ್ಟಿಯಾದದ್ದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡೇ. ಗೂಡಿನಲ್ಲಿ ಕಳೆದದ್ದರಲ್ಲಿ ಒಂದು ಪಾಲನ್ನು ಆ ಗೋಡೆಗಳು ಇಂದಿಗೂ ಹಿಡಿದಿಟ್ಟುಕೊಂಡಿವೆ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2023ರ ಅಕ್ಟೋಬರ್ 4ರಂದು ಪ್ರಕಟಿಸಿದ ‘ಲೌದಾತೆ ದೇಯುಂ’ ಪ್ರಬೋಧನೆಯಲ್ಲಿ ಅನಿಲ ಹಿಡಿಯುವ ತಂತ್ರಗಳ ಪ್ರಸ್ತಾಪವಿದೆ. ಅವುಗಳಲ್ಲಿ ಕೆಲವು ಭರವಸೆ ಮೂಡಿಸಿವೆ ಎಂದು ಅವರು ಒಪ್ಪಿದ್ದಾರೆ. ಆದರೆ ಒಳಗೆ ಬಿರುಕು ಬೆಳೆಯುತ್ತಿರುವಾಗ ಮೇಲಿನಿಂದ ತೇಪೆ ಹಚ್ಚಿ ತೃಪ್ತರಾಗುವ ಅಪಾಯವನ್ನೂ ಎಚ್ಚರಿಸಿದ್ದಾರೆ. ವಿಜ್ಞಾನವನ್ನು ತಿರಸ್ಕರಿಸದೆ, ಅದನ್ನೇ ನೆಪ ಮಾಡಿಕೊಳ್ಳದೆ ನಡೆಯುವ ಈ ಮಧ್ಯದ ದಾರಿ ನಮಗೂ ಸರಿಯೆನಿಸುತ್ತದೆ.

ನಾಳೆ ನಮ್ಮ ಕರಾವಳಿಗೂ ಇಂಥ ಯೋಜನೆ ಬರಬಹುದು. ಸಾರ್ವಜನಿಕ ಅಹವಾಲು ಸಭೆ ನಡೆದಾಗ ಬರೀ ವಿರೋಧಿಸುವುದೂ ಬೇಡ, ಬರೀ ಚಪ್ಪಾಳೆ ತಟ್ಟುವುದೂ ಬೇಡ. ನಾಲ್ಕು ಪ್ರಶ್ನೆ ಕೇಳೋಣ. ಒಂದು, ಜಲಜನಕಕ್ಕೂ ಯಂತ್ರಕ್ಕೂ ವಿದ್ಯುತ್ ಎಲ್ಲಿಂದ? ಎರಡು, ತಯಾರಾದ ವಸ್ತುವಿನಲ್ಲಿ ಇಂಗಾಲ ಎಷ್ಟು ಕಾಲ ಉಳಿಯುತ್ತದೆ? ಮೂರು, ಚಿಮಿಣಿಯಿಂದ ಹೋಗುವುದರಲ್ಲಿ ಎಷ್ಟು ಪಾಲು ಹಿಡಿಯುತ್ತೀರಿ? ನಾಲ್ಕು, ನೀರು ಮತ್ತು ಜಾಗ ಯಾರದು? ಈ ಪ್ರಶ್ನೆಗಳನ್ನು ಕೇಳಲು ವಿಜ್ಞಾನದ ಪದವಿ ಬೇಕಿಲ್ಲ. ಮನೆಯ ಕರೆಂಟು ಬಿಲ್ಲು ಓದಬಲ್ಲ ಯಾರೂ ಕೇಳಬಹುದು. ನಮ್ಮ ಪಾಲನಾ ಮಂಡಳಿಗಳು, ಯುವ ಸಂಘಟನೆಗಳು ಇವನ್ನು ಬರೆದಿಟ್ಟುಕೊಂಡರೆ ಒಳ್ಳೆಯದು.

ಕೊನೆಗೆ ಆ ಯುವಕರ ಪ್ರಶ್ನೆಗೆ ಉತ್ತರ. ಎಲೆಯ ಕೆಲಸದ ಒಂದು ಭಾಗವನ್ನು ಯಂತ್ರ ಕಲಿಯುತ್ತಿದೆ, ಕಲಿಯಲಿ. ಸಿಮೆಂಟ್, ಉಕ್ಕು ತಯಾರಿಸುವವರಿಗೆ ಅದು ಬೇಕು. ಆದರೆ ಹೊರಗೆ ಬಿಡದ ಒಂದು ಕಿಲೋ ಹೊಗೆಯನ್ನು ಹಿಡಿಯಲು ಯಾವ ಯಂತ್ರವೂ ಬೇಡ. ನೀವು ಆರಿಸಿದ ಲೈಟು ಉಳಿಸಿದ ಒಂದು ಯೂನಿಟ್, ಕಲ್ಲಿದ್ದಲಿನ ಲೆಕ್ಕದಲ್ಲಿ ಆ ಒಂದು ಕಿಲೋವೇ. ನೀವು ನೆಟ್ಟ ಹಲಸಿನ ಗಿಡ ಹೊಗೆಯನ್ನು ಪೂರ್ತಿ ತೊಳೆಯಲಾರದು. ಆದರೆ ಅದು ಕೇಳುವುದು ಮಳೆ ಮತ್ತು ಬಿಸಿಲು ಮಾತ್ರ, ನೆರಳನ್ನೂ ಹಣ್ಣನ್ನೂ ಕೊಡುತ್ತದೆ. ಆದ್ದರಿಂದ ಗಿಡಕ್ಕೆ ಬೇಲಿ ಕಟ್ಟಲು ಮರೆಯಬೇಡಿ. ಮುಂದಿನ ವರ್ಷ ವನಮಹೋತ್ಸವಕ್ಕೆ ಬಂದಾಗ ಹೊಸ ಗಿಡ ನೆಡುವ ಮುನ್ನ ಹಳೆಯದು ಬದುಕಿದೆಯೇ ಎಂದು ನಾವೇ ಬಂದು ನೋಡುತ್ತೇವೆ.